ಮಾಡಿನ ಮೇಲಿನ ಪಾರಿವಾಳ: ಓಡಿಸುವ ಉಪಾಯಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಆರ್‌ಸಿಸಿ ಮನೆ ಕಟ್ಟಿದವರು ತಾರಸಿಯನ್ನು ಹಾಗೇ ಬಯಲಿಗೆ ಬಿಡುವುದು ಕಡಿಮೆ. ಇದು ಆಗುಂಬೆ, ಹುಲಿಕಲ್ಲುಗಳ ಸೀಮೆ. ಆ ಎರಡು ಊರುಗಳಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ತಾರಸಿ ಸೋರಬಾರದೆಂದು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಶೀಟಿನ ಕೆಳಗೆ ಸಿಗುವ ಒಣ ಜಾಗ ಬಟ್ಟೆ ಒಣಗಿಸಲು, ಅಡಿಕೆ ಹರಡಲು, ಕಟ್ಟಿಗೆ ಒಟ್ಟಲು ಬಹಳ ಅನುಕೂಲ. ಅದೇ ಜಾಗ ಪಾರಿವಾಳಕ್ಕೂ ಅನುಕೂಲ. ಒಂದು ಜೋಡಿ ಬಂದು ಕಬ್ಬಿಣದ ತೊಲೆಯ ಮೇಲೆ ನಾಲ್ಕು ಕಡ್ಡಿ ಇಟ್ಟಿತೆಂದರೆ, ವರ್ಷ ಕಳೆಯುವಷ್ಟರಲ್ಲಿ ತಾರಸಿಯ ಒಂದು ಮೂಲೆ ಹಿಕ್ಕೆಯಿಂದ ಬೆಳ್ಳಗಾಗಿರುತ್ತದೆ.

ಆಮೇಲೆ ಶುರುವಾಗುವುದು ಸಲಹೆಗಳ ಸುರಿಮಳೆ. ಹಳೆಯ ಸಿಡಿ ಕಟ್ಟಿ, ಪ್ಲಾಸ್ಟಿಕ್ ಗೂಬೆ ಇಡಿ, ನುಸಿಗುಳಿಗೆ ಹಾಕಿ, ಅಲ್ಟ್ರಾಸಾನಿಕ್ ಯಂತ್ರ ತರಿಸಿ, ಹಿಡಿದು ದೂರ ಬಿಟ್ಟು ಬನ್ನಿ. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ? ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶ ಹಾಳಾಗುತ್ತದೆ ಎಂಬ ಮಾತು ಎಷ್ಟರಮಟ್ಟಿಗೆ ನಿಜ? ಈ ಲೇಖನದಲ್ಲಿ ನಾವು ಇವನ್ನು ಒಂದೊಂದಾಗಿ ನೋಡೋಣ.

ಮುಖ್ಯಾಂಶಗಳು

• ಹೆದರಿಸುವ ಉಪಾಯಗಳು ಕೆಲವು ದಿನ ಮಾತ್ರ ನಡೆಯುತ್ತವೆ. ಕೂರುವ ಮತ್ತು ಗೂಡು ಕಟ್ಟುವ ಜಾಗವನ್ನು ಮುಚ್ಚುವುದೇ ಬಾಳಿಕೆಯ ಪರಿಹಾರ.
• ಹಿಕ್ಕೆಯಿಂದ ಕಾಯಿಲೆ ಬರಬಹುದು ಎಂಬುದು ನಿಜ. ಆದರೆ ಹಕ್ಕಿ ಮಾಡಿನ ಮೇಲೆ ಕೂತ ಮಾತ್ರಕ್ಕೆ ಯಾರಿಗೂ ಕಾಯಿಲೆ ಬರುವುದಿಲ್ಲ. ಅಪಾಯ ಇರುವುದು ಒಣಗಿದ ಹಿಕ್ಕೆಯ ಧೂಳನ್ನು ಉಸಿರಾಡುವುದರಲ್ಲಿ.
• ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ. ಮೊದಲು ನೀರು ಹಾಕಿ ನೆನೆಸಿ.
• ಮೊಟ್ಟೆ, ಮರಿ ಇರುವಾಗ ಬಲೆ ಹಾಕಬೇಡಿ. ಗೂಡು ಖಾಲಿಯಾದ ಕೂಡಲೇ ಹಾಕಿ.

ಪಾರಿವಾಳಕ್ಕೆ ನಮ್ಮ ಮನೆಯೇ ಏಕೆ ಬೇಕು?

ಪೇಟೆಯಲ್ಲಿ ಕಾಣುವ ಬೂದು ಬಣ್ಣದ ಪಾರಿವಾಳದ ಮೂಲ ಬಂಡೆಗಳಲ್ಲಿ ವಾಸಿಸುವ ಕಾಡು ಪಾರಿವಾಳ. ಅದು ಮರದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ. ಕಡಿದಾದ ಬಂಡೆಯ ಸಂದು, ಗುಹೆಯ ಬಾಯಿ, ಮಳೆ ತಾಗದ ಚಾಚು ಅದರ ಸಹಜ ನೆಲೆ. ಕಿಟಕಿಯ ಮೇಲಿನ ಸಜ್ಜ, ಎ.ಸಿ. ಪೆಟ್ಟಿಗೆಯ ಹಿಂಬದಿ, ಶೀಟಿನ ಕೆಳಗಿನ ತೊಲೆ, ಬಸ್ ನಿಲ್ದಾಣದ ಮಾಡಿನ ಕಂಬಿ ಎಲ್ಲವೂ ಅದರ ಲೆಕ್ಕದಲ್ಲಿ ಬಂಡೆಯ ಸಂದುಗಳೇ.

ಎರಡನೆಯ ಕಾರಣ ಆಹಾರ. ಪಾರಿವಾಳ ಮುಖ್ಯವಾಗಿ ಕಾಳು ತಿನ್ನುವ ಹಕ್ಕಿ. ದಿನಸಿ ಅಂಗಡಿ ಮುಂದೆ ಚೆಲ್ಲಿದ ಅಕ್ಕಿ, ಅಂಗಳದಲ್ಲಿ ಹರಡಿದ ಭತ್ತ, ಕೋಳಿಗೆ ಹಾಕಿದ ನುಚ್ಚು, ಪುಣ್ಯಕ್ಕೆಂದು ಹಾಕುವ ಜೋಳ ಎಲ್ಲವೂ ಅದಕ್ಕೆ ಆಗುತ್ತದೆ. ಆಹಾರ ಸದಾ ಸಿಗುವಲ್ಲಿ ಅದು ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಮರಿ ಮಾಡುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು 18 ದಿನ ಕಾವು. ಮರಿ ಹಾರಲು ಇನ್ನೂ ಒಂದು ತಿಂಗಳು. ಗಂಡು ಹೆಣ್ಣು ಎರಡೂ ಗಂಟಲಿನ ಚೀಲದಲ್ಲಿ ಹಾಲಿನಂಥ ದ್ರವ ತಯಾರಿಸಿ ಮರಿಗೆ ಉಣಿಸುತ್ತವೆ. ಹಾಗಾಗಿ ಹುಳುಹುಪ್ಪಟೆ ಹೆಚ್ಚುವ ಕಾಲಕ್ಕೆ ಕಾಯಬೇಕಾದ ಅಗತ್ಯ ಅವಕ್ಕಿಲ್ಲ. ಮೊದಲ ಮರಿಗಳು ಗೂಡು ಬಿಡುವ ಮೊದಲೇ ಮುಂದಿನ ಮೊಟ್ಟೆ ಇಡುವುದೂ ಉಂಟು.

ಇವುಗಳ ಸಂಖ್ಯೆ ಹೆಚ್ಚುತ್ತಿದೆ ಎಂಬುದು ಬರೀ ಅನಿಸಿಕೆಯಲ್ಲ. ದೇಶದ ಪಕ್ಷಿವೀಕ್ಷಕರ ದಾಖಲೆಗಳನ್ನು ಆಧರಿಸಿದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ 2023' ವರದಿಯಲ್ಲಿ, ಸಂಖ್ಯೆ ಏರುತ್ತಿರುವ ಹಕ್ಕಿಗಳ ಪೈಕಿ ನವಿಲು, ಕೋಗಿಲೆಗಳ ಜೊತೆ ಪಾರಿವಾಳವೂ ಇದೆ.

ಹಿಕ್ಕೆಯಿಂದ ಶ್ವಾಸಕೋಶದ ಕಾಯಿಲೆ ಬರುತ್ತದೆಯೇ?

ಬರಬಹುದು. ಆದರೆ ಹೇಗೆ ಎಂಬುದನ್ನು ಸರಿಯಾಗಿ ತಿಳಿಯಬೇಕು.

ವೈದ್ಯರು ಹೆಚ್ಚು ಚಿಂತಿಸುವುದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂಬ ಕಾಯಿಲೆಯ ಬಗ್ಗೆ. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹಿಕ್ಕೆಯ ಧೂಳು ಮತ್ತು ರೆಕ್ಕೆಯಿಂದ ಉದುರುವ ಬಿಳಿ ಪುಡಿಯಲ್ಲಿ ಹಕ್ಕಿಯ ಪ್ರೋಟೀನ್‌ಗಳು ಇರುತ್ತವೆ. ಅವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಸಿರಿನ ಮೂಲಕ ಒಳಗೆ ಹೋದಾಗ ಕೆಲವರ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಆಗ ಶ್ವಾಸಕೋಶ ಒಳಗೊಳಗೇ ಊದಿಕೊಳ್ಳುತ್ತದೆ. 1965ರಲ್ಲಿ ಅಮೆರಿಕದ ವೈದ್ಯರು ಇದನ್ನು ಪಾರಿವಾಳ ಸಾಕುವವರಲ್ಲಿ ಗುರುತಿಸಿ ವರದಿ ಮಾಡಿದ್ದರು.

ಲಕ್ಷಣಗಳು ಸಾಮಾನ್ಯ ಕೆಮ್ಮಿನಂತೆಯೇ ಶುರುವಾಗುತ್ತವೆ: ಬಿಡದ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು, ಆಯಾಸ, ತೂಕ ಇಳಿಯುವುದು. ಧೂಳಿನಲ್ಲಿ ಕೆಲಸ ಮಾಡಿದ ಕೆಲವು ಗಂಟೆಗಳ ನಂತರ ಜ್ವರ, ಮೈಕೈ ನೋವು ಬಂದು ಮರುದಿನ ಇಳಿಯುವುದೂ ಉಂಟು. ಬೇಗ ಗೊತ್ತಾಗಿ ಧೂಳಿನ ಸಂಪರ್ಕ ತಪ್ಪಿದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ತಡವಾದರೆ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಆ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ ರಿಜಿಸ್ಟ್ರಿ ಅಧ್ಯಯನವು 27 ಆಸ್ಪತ್ರೆ ಕೇಂದ್ರಗಳ 1,084 ಶ್ವಾಸಕೋಶ ರೋಗಿಗಳನ್ನು ಪರಿಶೀಲಿಸಿತ್ತು. ಅವರಲ್ಲಿ 47.3% ಮಂದಿಗೆ ಇದ್ದದ್ದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಆದರೆ ಅವರ ಸುತ್ತಮುತ್ತ ಕಂಡ ಕಾರಣಗಳಲ್ಲಿ ಹಕ್ಕಿಗಳಿಗಿಂತ ಮುಂದಿದ್ದದ್ದು ನೀರು ಹಾಕುವ ಏರ್ ಕೂಲರ್‌ಗಳು. ಅವುಗಳಲ್ಲಿ ಬೆಳೆಯುವ ಬೂಸ್ಟು ಅದೇ ಬಗೆಯ ಪ್ರತಿಕ್ರಿಯೆ ಹುಟ್ಟಿಸಬಲ್ಲದು. ಆದ್ದರಿಂದ ಎಲ್ಲ ಕೆಮ್ಮಿಗೂ ಪಾರಿವಾಳವೇ ಕಾರಣ ಎನ್ನುವುದೂ ತಪ್ಪು, ಪಾರಿವಾಳದಿಂದ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಮೂರು ವಾರ ದಾಟಿದ ಕೆಮ್ಮಿಗೆ ವೈದ್ಯರ ಬಳಿ ಹೋದಾಗ "ನಮ್ಮ ಮಾಡಿನಲ್ಲಿ ಪಾರಿವಾಳದ ಗೂಡುಗಳಿವೆ" ಎಂದು ನೀವಾಗಿಯೇ ಹೇಳಿ. ವೈದ್ಯರು ಕೇಳದೇ ಇರಬಹುದು. ಆದರೆ ಆ ಒಂದು ಮಾತಿನಿಂದ ತಪಾಸಣೆಯ ದಾರಿಯೇ ಬದಲಾಗಬಹುದು.

ಇನ್ನೊಂದು ಅಪಾಯ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ. ಹಳೆಯ ಹಿಕ್ಕೆಯ ರಾಶಿಯಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ. ಆರೋಗ್ಯವಂತರಿಗೆ ಇದರಿಂದ ತೊಂದರೆಯಾಗುವುದು ಅಪರೂಪ. ಎಚ್‌ಐವಿ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇದು ಶ್ವಾಸಕೋಶ ಮತ್ತು ಮಿದುಳಿನ ಪೊರೆಯ ಸೋಂಕಿಗೆ ಕಾರಣವಾಗಬಹುದು. ಇಂಥವರು ಹಿಕ್ಕೆ ತೊಳೆಯುವ ಕೆಲಸಕ್ಕೆ ಕೈ ಹಾಕಲೇಬಾರದು.

ಪಾರಿವಾಳದ ಗೂಡಿನಿಂದ ಮಂಗನ ಕಾಯಿಲೆ ಬರುತ್ತದೆಯೇ?

ಶಿವಮೊಗ್ಗ ಜಿಲ್ಲೆಯವರಿಗೆ ಈ ಅನುಮಾನ ಬರುವುದು ಸಹಜ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವಗಳನ್ನೇ ತೆಗೆದುಕೊಂಡಿತು. ಪಾರಿವಾಳದ ಹಳೆಯ ಗೂಡು ತೆಗೆದಾಗ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳುಗಳು ಮೈಮೇಲೆ ಹರಿದು ತುರಿಕೆಯಾಗುವುದುಂಟು. ಅವನ್ನು ಕಂಡವರು ಉಣುಗು ಎಂದು ಗಾಬರಿಯಾಗುತ್ತಾರೆ.

ಆದರೆ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ನೆಲದಲ್ಲಿರುವ ಸೋಂಕಿತ ಉಣುಗುಗಳ ಕಡಿತದಿಂದ. ಗೂಡಿನಲ್ಲಿ ಕಾಣುವುದು ಬೇರೆ ಜಾತಿಯ, ಹಕ್ಕಿಯ ರಕ್ತ ಹೀರುವ ನುಸಿ. ಅದರಿಂದ ತುರಿಕೆ, ಚರ್ಮದಲ್ಲಿ ಕೆಂಪು ಗುಳ್ಳೆ ಆಗಬಹುದು. ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದರೆ ಸಾಕು. ಆದರೆ ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಕಾರಣ ಊಹಿಸುತ್ತ ಕೂರದೆ ಆರೋಗ್ಯ ಕೇಂದ್ರಕ್ಕೆ ಹೋಗಿ.

ಕೇಳಿಬರುವ ಉಪಾಯಗಳು: ಒಂದೊಂದಾಗಿ

"ಸಿಡಿ, ಮಿಂಚುವ ರಿಬ್ಬನ್ ಕಟ್ಟಿದರೆ ಹತ್ತಿರ ಬರುವುದಿಲ್ಲ"

ಮೊದಲ ಕೆಲವು ದಿನ ಬರುವುದಿಲ್ಲ, ಆಮೇಲೆ ಬರುತ್ತವೆ. ಹೊಸದಾಗಿ ಮಿಂಚುವ ವಸ್ತು ಕಂಡರೆ ಹಕ್ಕಿ ದೂರ ನಿಂತು ನೋಡುತ್ತದೆ. ಅದರಿಂದ ತನಗೆ ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪೇಟೆಯಲ್ಲಿ ಬಸ್ಸು, ಪಟಾಕಿ, ಧ್ವನಿವರ್ಧಕಗಳ ನಡುವೆ ಬದುಕುವ ಹಕ್ಕಿಗೆ ಸಿಡಿ ದೊಡ್ಡ ವಿಷಯವಲ್ಲ.

"ಪ್ಲಾಸ್ಟಿಕ್ ಗೂಬೆ ಇಟ್ಟರೆ ಹೆದರುತ್ತವೆ"

ಇದರ ಕತೆಯೂ ಅದೇ. ಒಂದೇ ಕಡೆ ಅಲುಗದೆ ಕೂತ ಗೂಬೆ ಬೇಟೆಯಾಡುವುದಿಲ್ಲ ಎಂದು ತಿಳಿಯಲು ಪಾರಿವಾಳಕ್ಕೆ ಬಹಳ ದಿನ ಬೇಕಿಲ್ಲ. ಗೂಬೆಯ ತಲೆಯ ಮೇಲೆಯೇ ಪಾರಿವಾಳ ಕೂತ ಚಿತ್ರಗಳು ಎಲ್ಲ ಕಡೆ ಸಿಗುತ್ತವೆ.

"ಕಪ್ಪು ಬಟ್ಟೆ ಅಥವಾ ಸತ್ತ ಕಾಗೆಯನ್ನು ತೂಗುಹಾಕಿದರೆ ಹಕ್ಕಿ ಬರುವುದಿಲ್ಲ"

ಇದರಲ್ಲಿ ಅರ್ಧ ಸತ್ಯವಿದೆ. ಸಂಡಿಗೆ, ಹಪ್ಪಳ ಒಣಹಾಕುವಾಗ ನಮ್ಮ ಹಿರಿಯರು ಕಪ್ಪು ಬಟ್ಟೆ ಕಟ್ಟುತ್ತಿದ್ದದ್ದು ಕಾಗೆಗಾಗಿ. ಕಾಗೆಗಳು ತಮ್ಮ ಜಾತಿಯ ಸತ್ತ ಹಕ್ಕಿಯನ್ನು ಕಂಡರೆ ಗುಂಪುಗೂಡಿ ಕೂಗುತ್ತವೆ, ಆ ಜಾಗಕ್ಕೆ ಮರಳಲು ಕೆಲವು ದಿನ ಹಿಂಜರಿಯುತ್ತವೆ ಎಂದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಕಾಗೆಗಳ ಮೇಲೆ ಪ್ರಯೋಗ ಮಾಡಿ 2015ರಲ್ಲಿ ವರದಿ ಮಾಡಿದ್ದಾರೆ. ಸಂಡಿಗೆ ಒಣಗಲು ಬೇಕಾಗುವುದೂ ಎರಡು ಮೂರು ದಿನವೇ. ಹಾಗಾಗಿ ಆ ಕೆಲಸಕ್ಕೆ ಆ ಉಪಾಯ ಸಾಕಾಗುತ್ತಿತ್ತು. ಆದರೆ ಕಾಗೆಗೆ ಹೇಳಿಸಿದ ಎಚ್ಚರಿಕೆ ಪಾರಿವಾಳಕ್ಕೆ ತಟ್ಟುವುದಿಲ್ಲ. ಎರಡು ದಿನದ ಉಪಾಯದಿಂದ ವರ್ಷಗಟ್ಟಲೆ ಮಾಡು ಕಾಯಲೂ ಆಗುವುದಿಲ್ಲ.

"ಅಲ್ಟ್ರಾಸಾನಿಕ್ ಯಂತ್ರದ ಸದ್ದು ನಮಗೆ ಕೇಳಿಸದು, ಹಕ್ಕಿಗೆ ಕೇಳಿಸುತ್ತದೆ"

ಇದು ತಪ್ಪು ಮಾಹಿತಿ. ಅಲ್ಟ್ರಾಸಾನಿಕ್ ಎಂದರೆ 20,000 ಹರ್ಟ್ಸ್‌ಗಿಂತ ಮೇಲಿನ ಸದ್ದು. ನಾಯಿ, ಇಲಿ, ಬಾವಲಿಗಳಿಗೆ ಅದು ಕೇಳಿಸುತ್ತದೆ. ಹಕ್ಕಿಗಳಿಗೆ ಕೇಳಿಸುವುದಿಲ್ಲ. ಹೆಚ್ಚಿನ ಹಕ್ಕಿಗಳ ಶ್ರವಣಶಕ್ತಿಯ ಮೇಲಿನ ಮಿತಿ ಮನುಷ್ಯರಿಗಿಂತಲೂ ಕಡಿಮೆ. ಪಾರಿವಾಳದ ವಿಶೇಷ ಇದಕ್ಕೆ ತದ್ವಿರುದ್ಧ: ನಮಗೆ ಕೇಳಿಸದಷ್ಟು ತಗ್ಗಿನ ಸದ್ದುಗಳನ್ನು ಅದು ಕೇಳಬಲ್ಲದು. ಅಂದರೆ ಈ ಯಂತ್ರದ ಸದ್ದು ನಮಗೂ ಕೇಳಿಸದು, ಪಾರಿವಾಳಕ್ಕೂ ಕೇಳಿಸದು. ಕಿರಿಕಿರಿಯಾದರೆ ಅದು ಮನೆಯ ನಾಯಿಗೆ.

"ನುಸಿಗುಳಿಗೆ, ಫಿನಾಯಿಲ್, ಮೆಣಸಿನ ಪುಡಿ ಹಾಕಿ"

ನಾಲ್ಕೂ ಕಡೆ ಗಾಳಿಯಾಡುವ ತಾರಸಿಯಲ್ಲಿ ವಾಸನೆ ನಿಲ್ಲುವುದೇ ಇಲ್ಲ. ಮೆಣಸಿನ ಪುಡಿಯ ಖಾರ ಪ್ರಾಣಿಗಳಿಗೆ ತಾಗುವಂತೆ ಹಕ್ಕಿಗಳಿಗೆ ತಾಗುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಸುಮ್ಮನೆ ತಿನ್ನುವುದನ್ನು ನೋಡಿದವರಿಗೆ ಇದು ಗೊತ್ತು. ನುಸಿಗುಳಿಗೆಯಿಂದ ನಿಜವಾದ ಅಪಾಯ ಮಕ್ಕಳಿಗೆ. ಮಿಠಾಯಿ ಎಂದುಕೊಂಡು ನ್ಯಾಫ್ತಲೀನ್ ಗುಳಿಗೆ ಬಾಯಿಗೆ ಹಾಕಿಕೊಂಡರೆ ಕೆಂಪು ರಕ್ತಕಣಗಳು ಒಡೆಯಬಹುದು.

"ಅಂಟು ಬಳಿದರೆ ಕೂರುವುದಿಲ್ಲ"

ಪೇಟೆಯಲ್ಲಿ ಸಿಗುವ ಅಂಟುಗಳು ಧೂಳು ಕೂತು ಕೆಲವೇ ಸಮಯದಲ್ಲಿ ನಿರುಪಯೋಗಿಯಾಗುತ್ತವೆ. ಅದಕ್ಕೂ ಮೊದಲು ಗುಬ್ಬಚ್ಚಿ, ಸೂರಕ್ಕಿಯಂಥ ಚಿಕ್ಕ ಹಕ್ಕಿಗಳ ರೆಕ್ಕೆಗೆ ಮೆತ್ತಿಕೊಂಡು ಅವನ್ನು ಕೊಲ್ಲುತ್ತವೆ. ಬಳಸಬೇಡಿ.

"ಹಿಡಿದು ದೂರ ಬಿಟ್ಟು ಬಂದರೆ ಆಯಿತು"

ಪಾರಿವಾಳ ನೂರಾರು ಕಿಲೋಮೀಟರ್ ದೂರದಿಂದಲೂ ಗೂಡಿಗೆ ಮರಳಬಲ್ಲದು. ಒಡಿಶಾ ಪೊಲೀಸರು 1946ರಿಂದ ದಶಕಗಳ ಕಾಲ ಪಾರಿವಾಳಗಳ ಮೂಲಕ ಸಂದೇಶ ಕಳಿಸುತ್ತಿದ್ದದ್ದು ಇದೇ ಗುಣವನ್ನು ನಂಬಿ. ಅವು ತರಬೇತಾದ ಹಕ್ಕಿಗಳು ನಿಜ. ಆದರೆ ಸಾಗರದ ಮಾಡಿನಿಂದ ಹಿಡಿದ ಹಕ್ಕಿಯನ್ನು ಜೋಗದ ಹತ್ತಿರ ಬಿಟ್ಟು ಬಂದರೆ ನಿಮಗಿಂತ ಮೊದಲು ಅದೇ ಮನೆ ಮುಟ್ಟಿರಬಹುದು.

"ಕೊಂದರೆ ಕಡಿಮೆಯಾಗುತ್ತವೆ"

ಆಗುವುದಿಲ್ಲ. ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಅಲ್ಲಿ ದಶಕಗಳ ಅವಧಿಯಲ್ಲಿ ಸುಮಾರು 1 ಲಕ್ಷ ಪಾರಿವಾಳಗಳನ್ನು ಕೊಂದರೂ ಸಂಖ್ಯೆ ಇಳಿಯಲಿಲ್ಲ. ಸತ್ತವುಗಳ ಜಾಗಕ್ಕೆ ಹೊಸವು ಬಂದವು. 1988ರಲ್ಲಿ ದಾರಿ ಬದಲಿಸಿ, ಪಾರಿವಾಳಗಳಿಗೆ ಆಹಾರ ಹಾಕಬೇಡಿ ಎಂದು ಜನರಿಗೆ ತಿಳಿಹೇಳುವ ಅಭಿಯಾನ ಶುರುಮಾಡಿದರು. ಸುಮಾರು 20,000 ಇದ್ದ ಸಂಖ್ಯೆ ನಾಲ್ಕೈದು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಿತು. ಅಲ್ಲಿ ಕೋವಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಾಳು ಹಾಕುವುದನ್ನು ನಿಲ್ಲಿಸಿದ್ದು.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು ಆಹಾರ. ಮನೆಯ ಸುತ್ತ ಕಾಳು ಚೆಲ್ಲದಂತೆ ನೋಡಿಕೊಳ್ಳಿ. ಕೋಳಿಗೆ ಹಾಕಿದ ತಿಂಡಿ ಉಳಿದರೆ ತೆಗೆಯಿರಿ. ಭತ್ತ, ಅಡಿಕೆ ಒಣಹಾಕುವಾಗ ಮೇಲೆ ಬಲೆ ಹೊದಿಸಿ. ಪಾರಿವಾಳ ಅಡಿಕೆ ತಿನ್ನುವುದಿಲ್ಲ, ಆದರೆ ಸುಲಿದು ಹರಡಿದ ಅಡಿಕೆಯ ಮೇಲೆ ಹಿಕ್ಕೆ ಬೀಳುತ್ತದೆ. ಸಾರ್ವಜನಿಕ ಜಾಗದಲ್ಲಿ ಕಾಳು ಹಾಕುವುದು ಭಾವನೆಯ ವಿಷಯವೂ ಹೌದು. ಮುಂಬೈಯಲ್ಲಿ 2025ರಲ್ಲಿ ದಾದರಿನ ಕಬೂತರ್‌ಖಾನೆಯನ್ನು ಮುಚ್ಚಿದಾಗ ದೊಡ್ಡ ವಿವಾದವೇ ಆಯಿತು. ಮೈಸೂರು ಅರಮನೆಯ ಮುಂದೆ ಪಾರಿವಾಳಗಳಿಗೆ ಕಾಳು ಹಾಕುವುದರ ಬಗ್ಗೆಯೂ ಪಾರಂಪರಿಕ ಕಟ್ಟಡಕ್ಕೆ ಹಾನಿ ಎಂಬ ಆಕ್ಷೇಪ ಬಂದಿದೆ. ಹಕ್ಕಿಗೆ ಏನಾದರೂ ಮಾಡಬೇಕೆಂಬ ಮನಸ್ಸಿದ್ದರೆ ಬೇಸಿಗೆಯಲ್ಲಿ ಅಂಗಳದ ಮರದಡಿ ನೀರಿಡಿ, ಹಣ್ಣಿನ ಗಿಡ ನೆಡಿ. ಅದರಿಂದ ಬೇರೆ ಬೇರೆ ಜಾತಿಯ ಹಕ್ಕಿಗಳಿಗೆ ಉಪಯೋಗವಾಗುತ್ತದೆ.

ಎರಡನೆಯದು ಜಾಗ ಮುಚ್ಚುವುದು. ಯಾವ ಜಾಗಕ್ಕೆ ಏನು ಎಂಬುದನ್ನು ಹೀಗೆ ನೆನಪಿಡಬಹುದು.

ತಾರಸಿಯ ಶೀಟಿನ ಕೆಳಗೆ: ನಾಲ್ಕೂ ಬದಿಗೆ ಬಲೆ. ಪಾರಿವಾಳಕ್ಕೆ 50 ಮಿ.ಮೀ. ಕಣ್ಣಿನ ಬಲೆ ಸಾಕು. ಅದಕ್ಕಿಂತ ದೊಡ್ಡ ಕಣ್ಣಿನದು ಬೇಡ. ಬಿಸಿಲಿಗೆ ತಾಳುವ ಎಚ್‌ಡಿಪಿಇ ಬಲೆ ಕೇಳಿ ತನ್ನಿ, ಸಾಧಾರಣ ನೈಲಾನ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಬಲೆ ಕಟ್ಟುವ ತಂತಿ, ಕೊಕ್ಕೆಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಮಲೆನಾಡಿನ ಮಳೆಗಾಲದಲ್ಲಿ ಬರೀ ಕಬ್ಬಿಣ ತುಕ್ಕು ಹಿಡಿಯಲು ತಡವಾಗುವುದಿಲ್ಲ. ಬಲೆಯನ್ನು ಸುತ್ತಲೂ ತಂತಿಯ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾಗಿ ಜೋತುಬಿದ್ದ ಬಲೆಯಲ್ಲಿ ಹಕ್ಕಿಯ ಕಾಲು, ರೆಕ್ಕೆ ಸಿಕ್ಕಿಕೊಳ್ಳುತ್ತವೆ. ಬಟ್ಟೆ ಒಣಹಾಕಲು, ನೀರಿನ ಟ್ಯಾಂಕ್ ನೋಡಲು ಓಡಾಡುವ ಕಡೆ ಚೌಕಟ್ಟಿನ ಬಾಗಿಲು ಇಡಿಸಿ. ಬಾಗಿಲಿಲ್ಲದಿದ್ದರೆ ಒಂದು ದಿನ ಯಾರೋ ಬಲೆಯನ್ನೇ ಕತ್ತರಿಸುತ್ತಾರೆ.

ಕಂಬಿ, ಸಜ್ಜದ ಅಂಚು: ಮೊಳೆಸಾಲು. ಅಂಚಿನ ಪೂರ್ತಿ ಅಗಲಕ್ಕೆ ಇರಬೇಕು. ಅರ್ಧ ಅಗಲಕ್ಕೆ ಹಾಕಿದರೆ ಉಳಿದರ್ಧದಲ್ಲಿ ಕೂರುತ್ತವೆ. ಕೂರುವ ಜಾಗಕ್ಕೆ ಇದು ಆಗುತ್ತದೆ, ಈಗಾಗಲೇ ಗೂಡು ಕಟ್ಟುತ್ತಿರುವ ಜಾಗಕ್ಕೆ ಸಾಲದು. ಮೊಳೆಗಳ ನಡುವೆಯೇ ಕಡ್ಡಿ ತುಂಬಿ ಗೂಡು ಕಟ್ಟಬಲ್ಲ ಹಟ ಪಾರಿವಾಳಕ್ಕಿದೆ. ನೆದರ್ಲೆಂಡ್ಸ್, ಬೆಲ್ಜಿಯಂಗಳಲ್ಲಿ ಕಾಗೆ ಜಾತಿಯ ಹಕ್ಕಿಗಳು ಈ ಮೊಳೆಸಾಲುಗಳನ್ನೇ ಕಿತ್ತು ಗೂಡು ಕಟ್ಟಿಕೊಂಡದ್ದನ್ನು ಸಂಶೋಧಕರು 2023ರಲ್ಲಿ ವರದಿ ಮಾಡಿದ್ದಾರೆ.

ಹೊಸದಾಗಿ ಮನೆ ಕಟ್ಟುವವರಿಗೆ: ಸಜ್ಜದ ಮೇಲ್ಮೈ, ಕಿಟಕಿಯ ಅಂಚು 45 ಡಿಗ್ರಿಗಿಂತ ಹೆಚ್ಚು ಇಳಿಜಾರಾಗಿ, ನುಣುಪಾಗಿದ್ದರೆ ಪಾರಿವಾಳ ಅಲ್ಲಿ ಕಾಲೂರಲಾಗದು. ಶೀಟಿನ ಚೌಕಟ್ಟು ಮಾಡಿಸುವಾಗಲೇ ಬದಿಗೆ ಜಾಲರಿ ಕೂರಿಸಲು ಪಟ್ಟಿ ಬೆಸೆದಿಡಲು ಹೇಳಿದರೆ ಆಮೇಲೆ ಬರುವ ಖರ್ಚು ಬಹಳ ಕಡಿಮೆಯಾಗುತ್ತದೆ.

ಎ.ಸಿ. ಪೆಟ್ಟಿಗೆಯ ಹಿಂದೆ, ಪೈಪಿನ ಸಂದುಗಳಲ್ಲಿ: ಗಟ್ಟಿ ಜಾಲರಿ. ಗಾಳಿ ಆಡಲು ಅಡ್ಡಿಯಾಗದಂತೆ ಇರಲಿ.

ಬಲೆ ಹಾಕುವ ಸಮಯ

ಇಲ್ಲಿ ಬಹಳ ಜನ ಎಡವುತ್ತಾರೆ. ಮರಿ ಒಳಗಿರುವಾಗ ಬಲೆ ಹಾಕಿದರೆ ತಾಯಿ ತಂದೆ ಹೊರಗೆ, ಮರಿ ಒಳಗೆ. ಹಸಿದು ಸತ್ತ ಮರಿಯ ದುರ್ವಾಸನೆ, ಹುಳು ಮತ್ತೆ ಮನೆಯವರ ಪಾಲಿಗೇ ಬರುತ್ತದೆ.

ಮೊದಲು ಎಲ್ಲ ಗೂಡುಗಳನ್ನೂ ನೋಡಿ. ಬರೀ ಕಡ್ಡಿ ಇಟ್ಟಿದ್ದರೆ ತೆಗೆಯಿರಿ. ಮತ್ತೆ ಮತ್ತೆ ತರುತ್ತವೆ, ಎರಡು ಮೂರು ದಿನಕ್ಕೊಮ್ಮೆ ತೆಗೆಯುತ್ತಿರಿ. ಮೊಟ್ಟೆ ಅಥವಾ ಮರಿ ಇದ್ದರೆ ಕಾಯಿರಿ. ಮೊಟ್ಟೆ ಇಟ್ಟ ದಿನದಿಂದ ಮರಿ ಹಾರುವವರೆಗೆ ಏಳು ವಾರದ ಲೆಕ್ಕ ಇಟ್ಟುಕೊಂಡರೆ ಸಾಕು. ಗೂಡು ಖಾಲಿಯಾದ ದಿನವೇ ಅದನ್ನು ತೆಗೆದು, ತೊಳೆದು, ಬಲೆ ಬಿಗಿಯಿರಿ. ಒಂದು ವಾರ ತಡವಾದರೂ ಹೊಸ ಮೊಟ್ಟೆ ಬಂದಿರಬಹುದು. ಬಲೆ ಹಾಕಿದ ಮೇಲೆ ಒಳಗೆ ಯಾವ ಹಕ್ಕಿಯೂ ಉಳಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಮೊದಲ ತಿಂಗಳು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ನೋಡುತ್ತಿರಿ.

ಹಿಕ್ಕೆ ತೊಳೆಯುವ ಸರಿಯಾದ ಕ್ರಮ

ಈ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಮನೆಯವರು ವರ್ಷವಿಡೀ ಕೆಳಗಿನ ಕೋಣೆಯಲ್ಲಿ ಉಸಿರಾಡುವ ಧೂಳಿಗಿಂತ, ಹಬ್ಬಕ್ಕೆಂದು ತಾರಸಿ ಗುಡಿಸಲು ಹೋದವರು ಅರ್ಧ ಗಂಟೆಯಲ್ಲಿ ಉಸಿರಾಡುವ ಧೂಳು ಹೆಚ್ಚಾಗಿರಬಹುದು. ಆ ಕೆಲಸ ಸಾಮಾನ್ಯವಾಗಿ ಬೀಳುವುದು ಮನೆಯ ಹೆಂಗಸರಿಗೆ ಅಥವಾ ದಿನಗೂಲಿಗೆ ಬಂದವರಿಗೆ. ಮೂಗಿಗೆ ಸೆರಗು, ಟವೆಲ್ ಕಟ್ಟಿಕೊಂಡು ಪೊರಕೆ ಹಿಡಿಯುತ್ತಾರೆ. ಬಟ್ಟೆಯಿಂದ ಈ ಸಣ್ಣ ಕಣಗಳು ತಡೆಯುವುದಿಲ್ಲ.

1. ಕೆಳಗಿನ ಕಿಟಕಿ ಬಾಗಿಲು ಮುಚ್ಚಿ. ಮಕ್ಕಳು, ಗರ್ಭಿಣಿಯರು, ಅಸ್ತಮಾ ಇರುವವರು ದೂರವಿರಲಿ.
2. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕೆಲಸದವರಿಂದ ಮಾಡಿಸುವುದಾದರೆ ಇವನ್ನು ನೀವೇ ತಂದುಕೊಡಿ.
3. ಸೋಪಿನ ನೀರನ್ನು ಗಿಡಕ್ಕೆ ಹನಿಸುವ ಡಬ್ಬದಿಂದ ಮೆಲ್ಲಗೆ ಸುರಿಯಿರಿ. ಜೋರಾಗಿ ಚಿಮ್ಮುವ ಪೈಪು ಬೇಡ, ಅದರಿಂದಲೂ ಕಣಗಳು ಗಾಳಿಗೆ ಏಳುತ್ತವೆ. ಪೂರ್ತಿ ನೆನೆಯಲು ಬಿಡಿ.
4. ಒದ್ದೆ ಇರುವಾಗಲೇ ಕೆರೆದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ. ಒಣಗುತ್ತ ಬಂದರೆ ಮತ್ತೆ ನೀರು ಹಾಕಿ.
5. ನೆಲವನ್ನು ಒರೆಸಿ, ಮಳೆನೀರು ಹೋಗುವ ಪೈಪಿನ ಬಾಯಿ ನೋಡಿ. ಗರಿ, ಕಡ್ಡಿ ಕಟ್ಟಿಕೊಂಡ ಪೈಪು ಮಲೆನಾಡಿನ ಒಂದೇ ಮಳೆಗೆ ತಾರಸಿಯನ್ನು ಕೆರೆ ಮಾಡುತ್ತದೆ.
6. ನೀರಿನ ಟ್ಯಾಂಕಿನ ಮುಚ್ಚಳ ಭದ್ರವಾಗಿದೆಯೇ ನೋಡಿ. ಮಳೆನೀರು ಹಿಡಿಯುವವರು ಮೊದಲ ಮಳೆಯ ನೀರನ್ನು ಹೊರಗೆ ಬಿಡಿ.
7. ಬಟ್ಟೆ ಬದಲಿಸಿ, ಸ್ನಾನ ಮಾಡಿ.

ಹಿಕ್ಕೆ ಒಳ್ಳೆಯ ಗೊಬ್ಬರವಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಅದರಲ್ಲಿ ಸಾರಜನಕ, ರಂಜಕ ಚೆನ್ನಾಗಿದೆ. ಆದರೆ ಒಣ ಪುಡಿಯನ್ನು ಎರಚಬೇಡಿ. ಒದ್ದೆ ಮಾಡಿ ಗೊಬ್ಬರದ ಗುಂಡಿಯಲ್ಲಿ ಸೊಪ್ಪು, ಸಗಣಿಯ ಜೊತೆ ಮುಚ್ಚಿ ಪೂರ್ತಿ ಕಳಿತ ಮೇಲೆ ತೋಟಕ್ಕೆ ಹಾಕಿ.

ಎಲ್ಲ ಹಕ್ಕಿಯೂ ಪಾರಿವಾಳವಲ್ಲ

ಸೂರಿನ ಕೆಳಗೆ ಮಣ್ಣಿನ ಗೂಡು ಕಟ್ಟುವ ಅಂಬರಗುಬ್ಬಿ, ಹೆಂಚಿನ ಸಂದಿನಲ್ಲಿ ಮರಿ ಮಾಡುವ ಗುಬ್ಬಚ್ಚಿಗಳನ್ನು ಪಾರಿವಾಳದ ಸಾಲಿಗೆ ಸೇರಿಸಬೇಡಿ. ಅಂಬರಗುಬ್ಬಿಗಳು ಹಾರುವ ಕೀಟಗಳನ್ನು ಹಿಡಿದು ತಿನ್ನುತ್ತವೆ. ಗೂಡಿನ ಕೆಳಗೆ ಒಂದು ಹಲಗೆ ಹೊಡೆದರೆ ಹಿಕ್ಕೆ ಅದರ ಮೇಲೆ ಬೀಳುತ್ತದೆ, ತಕರಾರು ಅಲ್ಲಿಗೆ ಮುಗಿಯುತ್ತದೆ. ಈ ತಾಲ್ಲೂಕುಗಳ ಕಾಡಿನಲ್ಲಿ ಹಸಿರು ಪಾರಿವಾಳದಂಥ ಹಣ್ಣು ತಿನ್ನುವ ಪಾರಿವಾಳಗಳೂ ಇವೆ. ಅವು ಕಾಡಿನ ಹಕ್ಕಿಗಳು, ನಮ್ಮ ಮಾಡಿಗೆ ಬರುವವಲ್ಲ.

ಕಾನೂನನ್ನೂ ತಿಳಿದಿರಬೇಕು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960 ಪಾರಿವಾಳಕ್ಕೂ ಅನ್ವಯಿಸುತ್ತದೆ. ವಿಷವಿಡುವುದು, ಚಿತ್ರಹಿಂಸೆ ಕೊಡುವುದು ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಂದೆ ಕಾಗೆಯಂಥ ಪ್ರಾಣಿಪಕ್ಷಿಗಳನ್ನು 'ಉಪದ್ರವಿ' ಎಂದು ಪಟ್ಟಿ ಮಾಡಿದ್ದ ಐದನೇ ಅನುಸೂಚಿಯನ್ನು 2022ರ ತಿದ್ದುಪಡಿಯಲ್ಲಿ ತೆಗೆಯಲಾಗಿದೆ. ಕಾಗೆ ಅಲ್ಲವೇ, ಏನು ಮಾಡಿದರೂ ನಡೆಯುತ್ತದೆ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಹಳೆಯ ದೇವಸ್ಥಾನಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರದಂಥ ಕಲ್ಲಿನ ಗುಡಿಗಳ ಚಾಚು, ಕಂಬದ ಬೋದಿಗೆಗಳು ಹಕ್ಕಿಗೆ ನಿಜವಾದ ಬಂಡೆಯ ಹಾಗೆಯೇ. ಹಿಕ್ಕೆಯ ಆಮ್ಲ, ಲವಣ ಮತ್ತು ಅದರಲ್ಲಿ ಬೆಳೆಯುವ ಶಿಲೀಂಧ್ರ ಕಲ್ಲಿನ ಕೆತ್ತನೆಯನ್ನು ನಿಧಾನವಾಗಿ ತಿನ್ನುತ್ತವೆ. ಹಾಗೆಂದು ಭಕ್ತರೇ ಸೇರಿ ಆಸಿಡ್ ಹಾಕಿ ಉಜ್ಜುವುದು, ಬಲೆಗಾಗಿ ಕಲ್ಲಿಗೆ ಮೊಳೆ ಹೊಡೆಯುವುದು ಹಿಕ್ಕೆಗಿಂತ ದೊಡ್ಡ ಹಾನಿ. ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಕಾನೂನಿನ ಅನುಮತಿಯೂ ಇಲ್ಲ. ಪುರಾತತ್ವ ಇಲಾಖೆಗೆ ತಿಳಿಸಿ. ಗುಡಿಯ ಆವರಣದಲ್ಲಿ ಅಕ್ಕಿ, ಕಾಳು ಚೆಲ್ಲದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಡ.

ಕೊನೆಯದಾಗಿ

"ಪಾರಿವಾಳದ ರೆಕ್ಕೆಯ ಗಾಳಿ ತಾಗಿದರೆ ಲಕ್ವ ವಾಸಿಯಾಗುತ್ತದೆ" ಎಂಬ ಮಾತನ್ನು ಹಲವೆಡೆ ಹೇಳುತ್ತಾರೆ. ಇದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ಗಂಟೆಗಳ ಚಿಕಿತ್ಸೆಯೇ ನಿರ್ಣಾಯಕ, ರೋಗಿಯನ್ನು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆದರಿಸುವ ಸಾಮಾನಿಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹಣ ಸುರಿಯುವ ಬದಲು, ಒಮ್ಮೆ ಸರಿಯಾಗಿ ಬಲೆ ಹಾಕಿಸುವುದು ಅಗ್ಗ. ಈ ವಾರವೇ ಶುರುಮಾಡುವುದಾದರೆ ಮೊದಲು ಮೇಲೆ ಹತ್ತಿ ಗೂಡುಗಳಲ್ಲಿ ಮೊಟ್ಟೆ ಇದೆಯೇ ನೋಡಿ, ದಿನಾಂಕ ಬರೆದಿಡಿ. ಕಾಳು ಚೆಲ್ಲುವುದನ್ನು ನಿಲ್ಲಿಸಿ. ಬಲೆಯ ಅಳತೆ ತೆಗೆದುಕೊಳ್ಳಿ. ಆ ಗೂಡುಗಳು ಖಾಲಿಯಾಗುವವರೆಗೆ ಯಾರಾದರೂ ಪೊರಕೆ ಹಿಡಿದು ಮೇಲೆ ಹೊರಟರೆ ತಡೆದು, ಕೈಗೆ ನೀರಿನ ಡಬ್ಬ ಮತ್ತು ಮಾಸ್ಕ್ ಕೊಡಿ.